ಹನ್ನೊಂದು ರಿಂಗು

ಅಂದು ಬೆಳಿಗ್ಗೆ ಗಾಳಿಗೆ ನಿಂತಲ್ಲಿ ನಿಲ್ಲುವ ಮನಸ್ಸಿರಲಿಲ್ಲ. ಮಳೆ ತರುವ ಗಾಳಿಯೂ ಅಲ್ಲ, ಮೋಡ ಚೆದುರಿಸುವ ಗಾಳಿಯೂ ಅಲ್ಲ. ಎದುರು ಮನೆಯ ತಗಡನ್ನು ಎತ್ತಿ ಬಡಿಯುತ್ತ, ಹಗ್ಗದ ಮೇಲಿನ ಅಂಗಿಗಳ ತೋಳು ತಿರುಚುತ್ತ, ಬೀದಿಯ ಧೂಳನ್ನು ಈ ಕೊನೆಯಿಂದ ಆ ಕೊನೆಗೆ ಸಾಗಿಸಿ ಮತ್ತೆ ವಾಪಸ್ಸು ತರುತ್ತಿತ್ತು. ಮೊಲ ಆರೂಕಾಲಿಗೇ ಕಿಟಕಿ ಪಕ್ಕದ ಮೇಜಿನ ಮುಂದೆ ಕುಳಿತಿದ್ದರು. ಎದುರಿಗೆ ಗೆರೆ ಹಾಕಿದ ನೋಟ್‌ಬುಕ್ಕು, ಕೆತ್ತಿದ ಪೆನ್ಸಿಲ್ಲು, ಫೋನು.

ಮೊಲ ಎಂದರೆ ಎಪ್ಪತ್ತಾರು ವರ್ಷದ ಮನುಷ್ಯ. ಕಿವಿ ದೊಡ್ಡದೆಂದು ಸೈನ್ಯದ ಗೆಳೆಯರು ಇಟ್ಟ ಹೆಸರು. ಕಿವಿ ಮಂದವಾದರೂ ಹೆಸರು ಉಳಿಯಿತು. ಗಡಿಯಾಚೆಯವರು ವೈರ್‌ಲೆಸ್ಸಿನಲ್ಲಿ ಕಳಿಸುವ ಮೋರ್ಸ್ ಸಂಕೇತಗಳ ಉದ್ದ ಗಿಡ್ಡ ಸದ್ದನ್ನು ಕದ್ದು ಕೇಳಿ ಬರೆದುಕೊಳ್ಳುವುದು ಅವರ ಇಪ್ಪತ್ತೆಂಟು ವರ್ಷದ ಕೆಲಸ. ಅರ್ಥ ಬಿಡಿಸುವವರು ಮೇಲಿನ ಮಹಡಿಯಲ್ಲಿದ್ದರು. ಯಾರು ಕರೆದರು, ಎಷ್ಟು ಹೊತ್ತಿಗೆ, ಎಷ್ಟು ಹೊತ್ತು, ಇಷ್ಟನ್ನು ತಪ್ಪಿಲ್ಲದೆ ಬರೆದರೆ ಕೆಳಗಿನವರ ಪಾಲಿನದು ಮುಗಿಯಿತು. ತಿರುಗಿ ಉತ್ತರ ಕೊಡುವ ಮಾತೇ ಇಲ್ಲ. ಕೊಡಲು ಯಂತ್ರವೂ ಇರಲಿಲ್ಲ.

ಆ ಕದ್ದು ಕೇಳುವ ಠಾಣೆಯ ಹನ್ನೆರಡು ಜನರಲ್ಲಿ ಈಗ ಉಳಿದವರು ಮೂವರು, ಮೂರು ಊರುಗಳಲ್ಲಿ. ಮೊಲ, ಅವರ ಜೊತೆಗಾರ ಬಾವಲಿ, ಇಬ್ಬರಿಗೂ ಮೋರ್ಸ್ ಕಲಿಸಿದ ಮೇಷ್ಟ್ರು. ದಿನಾ ಬೆಳಿಗ್ಗೆ ಆರೂವರೆಯಿಂದ ಒಬ್ಬರಾದ ಮೇಲೆ ಒಬ್ಬರು ಉಳಿದಿಬ್ಬರಿಗೂ ಫೋನು ಮಾಡಬೇಕು. ಎರಡು ರಿಂಗು ಆದ ಕೂಡಲೇ ನಿಲ್ಲಿಸಬೇಕು. ಎತ್ತಕೂಡದು. ಎರಡು ರಿಂಗು ಬಂತೆಂದರೆ ಆಸಾಮಿ ಇದ್ದಾನೆ, ನೆಟ್ಟಗಿದ್ದಾನೆ. ಕೆಲಸದ ಗುಟ್ಟು ಆಡುವುದಿಲ್ಲವೆಂದು ಆಣೆ ಮಾಡಿದವರು. ಕೆಲಸದ ಮಾತು ಬಿಟ್ಟರೆ ಆಡಲು ಅವರಿಗೆ ಬೇರೆ ಮಾತೂ ಗೊತ್ತಿರಲಿಲ್ಲ. ಹೀಗೆ ಹದಿನೇಳು ವರ್ಷ ನಡೆದಿತ್ತು.

ಆರು ಇಪ್ಪತ್ತೆಂಟಕ್ಕೆ ಫೋನು ಬಾರಿಸಿತು. ಬಾವಲಿ. ಎರಡು ನಿಮಿಷ ಮುಂಚೆ. ಮೊಲ ಹೊತ್ತು ಬರೆದರು. ಒಂದು, ಎರಡು. ನಿಲ್ಲಲಿಲ್ಲ. ಮೂರು, ನಾಲ್ಕು. ಪೆನ್ಸಿಲ್ಲು ಗೀಟಿನ ಮೇಲೆ ಗೀಟು ಎಳೆಯುತ್ತ ಹೋಯಿತು.

"ರೀ, ಫೋನು!" ಅಡುಗೆ ಮನೆಯಿಂದ ಹೆಂಡತಿ ಕೂಗಿದರು.

"ಶ್! ಎಣಿಸ್ತಾ ಇದೀನಿ."

ಅವರು ಕೈ ಒರೆಸಿಕೊಳ್ಳುತ್ತ ಬರುವಷ್ಟರಲ್ಲಿ ಫೋನು ಸುಮ್ಮನಾಗಿತ್ತು.

"ಯಾರದ್ದು?"

"ಬಾವಲೀದು. ಹನ್ನೊಂದು."

"ಏನು ಹನ್ನೊಂದು?"

"ರಿಂಗು."

"ಎತ್ತಲಿಲ್ವಾ?"

"ಎತ್ತೋ ಹಾಗಿಲ್ಲ ಕಣೇ."

ಹೆಂಡತಿ ಕುರ್ಚಿ ಎಳೆದುಕೊಂಡು ಕೂತೇಬಿಟ್ಟರು. "ಮನೆಗೆ ಬೆಂಕಿ ಬಿದ್ರೂ ಎಷ್ಟೊತ್ತಿಗೆ ಬಿತ್ತು ಅಂತ ಬರ್ಕೊಂಡು ಕೂತಿರ್ತೀರಿ ನೀವು. ಒಂಟಿ ಮನುಷ್ಯ ಅವರು. ಅಷ್ಟು ಸಲ ಬಾರಿಸಬೇಕಾದ್ರೆ ಏನೋ ಆಗಿದೆ ಅಂತ ತಲೆಗೆ ಹೊಳೀಲಿಲ್ವಾ?"

ಹೊಳೆದಿರಲಿಲ್ಲ. ಹೊಳೆದದ್ದು ಈಗ. ಮೊಲ ಬಾವಲಿಗೆ ಫೋನು ಮಾಡಿದರು. ಬಾರಿಸಿತು, ಬಾರಿಸಿತು, ಯಾರೂ ಎತ್ತಲಿಲ್ಲ. ಇನ್ನೊಮ್ಮೆ ಮಾಡಿದರು. ಎದ್ದು ಬಾಗಿಲಿಗೆ ಹೋದರು, ಬಂದರು, ಚಪ್ಪಲಿ ಮೆಟ್ಟಿ ಮತ್ತೆ ಬಿಟ್ಟರು. ಮೇಷ್ಟ್ರಿಗೆ ಮಾಡಿದರೆ ಅವರೂ ಎತ್ತಲಿಲ್ಲ. ಹೇಗೆ ಎತ್ತಿಯಾರು? ಅವರೂ ಅಲ್ಲಿ ಎಣಿಸುತ್ತ ಕೂತಿರಬೇಕು.

"ನನ್ನ ಫೋನಿಂದ ಮಾಡಿ," ಎಂದರು ಹೆಂಡತಿ.

ಗುರುತಿಲ್ಲದ ನಂಬರು ನೋಡಿ ಮೇಷ್ಟ್ರು ಎತ್ತಿದರು. "ಯಾರು?"

"ಮೊಲ ಸಾರ್."

"ಏನೋ, ಮಾತಾಡ್ತಾ ಇದೀಯ!"

"ಸಾರ್, ಬಾವಲಿ ಇವತ್ತು..."

"ಆರು ಇಪ್ಪತ್ತಾರಕ್ಕೆ ಬಂತು. ಹದಿನಾಲ್ಕು."

"ನಂಗೆ ಇಪ್ಪತ್ತೆಂಟಕ್ಕೆ. ಹನ್ನೊಂದು."

"ಹಾಗಾದ್ರೆ ಮೊದಲು ನಂಗೇ ಮಾಡಿದಾನೆ." ಆ ಕಡೆ ಹಾಳೆ ಮಗುಚುವ ಸದ್ದು.

"ನೀವು ಎತ್ತಲಿಲ್ವಾ ಸಾರ್?"

ಮೇಷ್ಟ್ರು ಹಾಳೆ ಮಗುಚುವುದನ್ನು ನಿಲ್ಲಿಸಿದರು. ಆಮೇಲೆ ತೀರಾ ಸಣ್ಣ ದನಿಯಲ್ಲಿ, "ಬರ್ಕೊಂಡೆ ಕಣೋ," ಎಂದರು. "ನನ್ನ ಕಾಲು ನಡೆಯಲ್ಲ. ನೀನು ಹೋಗು."

ಆ ಊರಿಗೆ ಮೊದಲ ಬಸ್ಸು ಹತ್ತೂವರೆಗೆ; ದಾರಿ ಎರಡೂವರೆ ಗಂಟೆಯದು. ಸರಿಯಾಗಿ ಮುಚ್ಚದ ಕಿಟಕಿಯ ಗಾಜು ದಾರಿಯುದ್ದಕ್ಕೂ ಕಟಕಟ ಎನ್ನುತ್ತಿತ್ತು. ಮೊಲ ಆ ಕಡೆ ಸರಿದು ಕೂತರು, ಈ ಕಡೆ ಸರಿದು ಕೂತರು. ಪಕ್ಕದವನು, "ಅಜ್ಜಾ, ಸೀಟಲ್ಲಿ ಮುಳ್ಳಿದೆಯಾ?" ಎಂದು ಕೇಳಿದ. ಹೌದಪ್ಪ ಎನ್ನುವ ಹಾಗೆ ತಲೆಯಾಡಿಸಿ ಮತ್ತೆ ಬಾವಲಿಯ ನಂಬರು ಒತ್ತಿದರು. ಉತ್ತರವಿಲ್ಲ.

ಒಮ್ಮೆ, ಬಹಳ ಹಿಂದೆ, ಆಚೆ ಕಡೆಯ ಒಬ್ಬ ಮೋರ್ಸಿನವನು ತನ್ನವರನ್ನು ನಲವತ್ತು ನಿಮಿಷ ಒಂದೇ ಸಮನೆ ಕರೆದಿದ್ದ. ಮೋರ್ಸ್ ಬಡಿಯುವ ಅವನ ಕೈಯ ಎಡವುವ ಲಯ ಇವರಿಗೆಲ್ಲ ಗೊತ್ತು; ಕುಂಟ ಎಂದು ಹೆಸರನ್ನೂ ಇಟ್ಟಿದ್ದರು. ಅವನ ಕಡೆಯವರು ಯಾರೂ ಓಗೊಡಲಿಲ್ಲ. ಬಾವಲಿ ಕಿವಿಯಿಂದ ಹೆಡ್‌ಫೋನು ತೆಗೆದು, "ಯಾರಾದ್ರೂ ಒಂದು ಹೂಂ ಅನ್ನಬಾರದಾ?" ಎಂದಿದ್ದರು. ನಲವತ್ತು ನಿಮಿಷವನ್ನೂ ಇಬ್ಬರೂ ನೀಟಾಗಿ ಬರೆದು ಮಹಡಿಗೆ ಕಳಿಸಿದರು. ಅಂದಿನಿಂದ ಆ ಕೈ ಮತ್ತೆ ಕೇಳಿಸಲಿಲ್ಲ.

ನಾವು ಬೆಳಗೂ ಬೈಗೂ ದೇವರನ್ನು ಕರೆಯುತ್ತೇವೆ. ಅವನು ಹೂಂ ಎನ್ನುವುದಿಲ್ಲ; ಕೇಳಿಸಿಕೊಂಡಿರುತ್ತಾನೆ ಎಂಬ ನಂಬಿಕೆಯಲ್ಲೇ ಬದುಕು ಸಾಗುತ್ತದೆ. ಆದರೆ ಕೇಳಿಸಿಕೊಂಡು ಸುಮ್ಮನಿರುವ ಹಕ್ಕು ಅವನೊಬ್ಬನದು. ಮನುಷ್ಯನಿಗೆ ಅದು ಎಲ್ಲಿಂದ ಬಂತು? ಮೊಲ ಕಣ್ಣು ಮುಚ್ಚಿ, "ಬಾವಲಿ ಇರಲಿ, ನನ್ನ ಬೈಯೋಕಾದ್ರೂ ಇರಲಿ," ಎಂದು ಬೇಡಿಕೊಂಡರು.

ಬಾವಲಿಯ ಮನೆ ಒಂದು ದರ್ಜಿ ಅಂಗಡಿಯ ಮೇಲೆ. ಮಹಡಿಗೆ ಬೀಗ ಬಿದ್ದಿತ್ತು. ಮೊಲ ಬೀಗವನ್ನು ಹಿಡಿದುಕೊಂಡೇ ನಿಂತುಬಿಟ್ಟರು. ಕೆಳಗಿನಿಂದ ದರ್ಜಿ ಕೂಗಿದ: "ಮಿಲಿಟರಿ ಅಜ್ಜನ ಕಡೆಯವರಾ? ಇಳಿದು ಬನ್ನಿ. ಬದುಕಿದಾರೆ!"

ಮೊಲ ಮೆಟ್ಟಿಲ ಮೇಲೇ ಕೂತರು.

"ಬೆಳಗಾಗೆದ್ದು ನೆಲಕ್ಕೆ ಟಕ್ ಟಕ್ ಅಂತ ಬಡಿಯೋಕೆ ಶುರು ಮಾಡಿದ್ರು," ದರ್ಜಿ ಅಳತೆಯ ಟೇಪನ್ನು ಕೊರಳಿಗೆ ಹಾಕಿಕೊಂಡೇ ಬಂದು ಹೇಳಿದ. "ಉದ್ದ ಒಂದು, ಗಿಡ್ಡ ಒಂದು. ಮೊಳೆ ಹೊಡೀತಿದಾರೆ ಅಂದ್ಕೊಂಡೆ. ಇಷ್ಟೊತ್ತಿಗೇನು ಮೊಳೆ ಹೊಡೆಯೋದು ಅಂತ ಜಗಳಕ್ಕೇ ಹೋದೆ ಸ್ವಾಮಿ. ಬಾಗಿಲು ದೂಡಿ ನೋಡಿದ್ರೆ ಬಚ್ಚಲ ಬಾಗಿಲಲ್ಲಿ ಬಿದ್ದಿದಾರೆ, ಕೈಯಲ್ಲಿ ಚಪ್ಪಲಿ."

"ಫೋನು?"

"ಅಲ್ಲೇ, ಕೈಗೆಟುಕದ ಹಾಗೆ ನೀರಲ್ಲಿ ಬಿದ್ದಿತ್ತು. ಬಡ್ಕೋತಾನೇ ಇತ್ತು. ಅಜ್ಜನ್ನ ಎತ್ತೋ ಗಡಿಬಿಡೀಲಿ ಅಲ್ಲೇ ಬಿಟ್ಟು ಬಾಗಿಲು ಹಾಕ್ಕೊಂಡು ಬಂದ್ವಿ."

ಆಸ್ಪತ್ರೆ ಎರಡು ಬೀದಿಯಾಚೆ. ಉದ್ದನೆಯ ವಾರ್ಡಿನ ಕೊನೆಯ ಮಂಚದಲ್ಲಿ ಬಾವಲಿ ಮಲಗಿದ್ದರು. ಸೊಂಟದ ಮೂಳೆ ಮುರಿದಿತ್ತು; ಆಪರೇಷನ್ನು ಮಾರನೆಯ ದಿನವಂತೆ. ಪಕ್ಕದ ಕುರ್ಚಿಯಲ್ಲಿ ಅವರ ತಂಗಿ, ಬಂದ ಅವಸರಕ್ಕೆ ಸ್ವೆಟರನ್ನು ತಿರುವುಮುರುವು ಹಾಕಿಕೊಂಡದ್ದು ಗೊತ್ತೇ ಇಲ್ಲದೆ ಕೂತಿದ್ದರು.

ಬಾವಲಿ ಕಣ್ಣು ತೆರೆದರು. "ಎಷ್ಟು ಬರ್ಕೊಂಡೆ?"

"ಹನ್ನೊಂದು."

"ಹನ್ನೆರಡು ಕಣೋ. ಕಿವಿ ಹೋಗಿದೆ ನಿಂದು."

ಮೊಲ ನಗಲಿಲ್ಲ. ಮಂಚದ ಕಂಬಿ ಹಿಡಿದುಕೊಂಡರು. "ತಪ್ಪಾಯ್ತು ಮಾರಾಯ. ಎತ್ತಬೇಕಿತ್ತು."

"ಎತ್ತಬೇಕಿತ್ತು," ಎಂದರು ಬಾವಲಿ, ಸ್ವಲ್ಪವೂ ರಿಯಾಯಿತಿ ತೋರದೆ. "ತಣ್ಣನೆ ನೆಲದಲ್ಲಿ ಬಿದ್ಕೊಂಡು ನಿಮ್ಮಿಬ್ಬರಿಗೂ ಬಾಯಿಗೆ ಬಂದ ಹಾಗೆ ಬೈದೆ. ಆಮೇಲೆ, ನೀನು ಬಿದ್ದು ಹೀಗೆ ಮಾಡಿದ್ರೆ ನಾನು ಎತ್ತುತಿದ್ನಾ ಅಂತ ಯೋಚನೆ ಬಂತು." ಉಸಿರೆಳೆದುಕೊಂಡರು. "ಎತ್ತುತಿರಲಿಲ್ಲ. ಅದಕ್ಕೇ ಚಪ್ಪಲಿ ತಗೊಂಡೆ."

"ಅಣ್ಣಾ, ಮಾತು ಸಾಕು," ಎಂದರು ತಂಗಿ.

ಮೊಲ ಕಾರಿಡಾರಿಗೆ ಬಂದು ಮೇಷ್ಟ್ರಿಗೆ ಫೋನು ಮಾಡಿದರು. ಮೊದಲ ರಿಂಗು ಮುಗಿಯುವ ಮುಂಚೆಯೇ ಅವರು ಎತ್ತಿದರು.

"ಇದಾನೆ ಸಾರ್. ಬೈತಾ ಇದಾನೆ."

ಆ ಕಡೆಯಿಂದ ತೊಂಬತ್ತರ ಹತ್ತಿರದ ಮನುಷ್ಯ ಅಳುವ ಸದ್ದು ಬಂತು. ಮೊಲ ಫೋನಿಡಲಿಲ್ಲ. "ನಾನಿದೀನಿ ಸಾರ್," ಎನ್ನುತ್ತ ಅದು ನಿಲ್ಲುವವರೆಗೂ ನಿಂತಿದ್ದರು.

ತಿರುಗಿ ಬರುವಾಗ ತಂಗಿ ಅಣ್ಣನ ಜೊತೆ ವಾದಿಸುತ್ತಿದ್ದರು. ಬೆಳಗಿನಿಂದ ಒಂದು ತೊಟ್ಟು ನೀರು ಕುಡಿದಿಲ್ಲ, ಆದರೂ ಬಿಟ್ಟು ಹೋಗಲೊಲ್ಲರು.

"ಮನೆಗೆ ಹೋಗಮ್ಮ," ಬಾವಲಿ ಹೇಳುತ್ತಿದ್ದರು. "ಇವನು ಕೂರ್ತಾನೆ. ಇವನ ಮಗಳು ಹುಟ್ಟಿದ ದಿನ ಇವನ ಪಾಳಿ ನಾನು ಕೂತಿದ್ದೆ. ಮಧ್ಯಾಹ್ನ ಎರಡರಿಂದ ಎಂಟು. ವಾಪಸ್ ಕೊಡ್ತೀನಿ ಅಂದವನು ನಲವತ್ತಾರು ವರ್ಷ ಆದ್ರೂ ಕೊಟ್ಟಿಲ್ಲ."

"ನೀನು ಕೇಳಲೇ ಇಲ್ಲ," ಎಂದರು ಮೊಲ.

"ಈಗ ಕೇಳ್ತಿದೀನಿ."

ಠಾಣೆಯಲ್ಲಿ ಪಾಳಿ ಬದಲಾಗುವಾಗ ಮಾತಿರುತ್ತಿರಲಿಲ್ಲ. ಬಂದವನು ಕುರ್ಚಿಯ ಬೆನ್ನು ಮುಟ್ಟುತ್ತಿದ್ದ, ಕೂತವನು ಏಳುತ್ತಿದ್ದ. ಮೊಲ ತಂಗಿಯ ಹಿಂದೆ ಹೋಗಿ ಕುರ್ಚಿಯ ಬೆನ್ನು ಮುಟ್ಟಿದರು. ಆಕೆಗೆ ಆ ಪದ್ಧತಿ ಗೊತ್ತಿರಲಿಲ್ಲ, ಆದರೂ ಎದ್ದರು. ವಾರ್ಡಿನ ಗಡಿಯಾರದಲ್ಲಿ ಎರಡು ಗಂಟೆಯಾಗಲು ಐದು ನಿಮಿಷವಿತ್ತು. ಮೊಲ ಕೂತು, ಕುರ್ಚಿಯನ್ನು ಮಂಚಕ್ಕೆ ಇನ್ನಷ್ಟು ಹತ್ತಿರ ಎಳೆದುಕೊಂಡರು. ಬಾವಲಿ ಕಣ್ಣು ಮುಚ್ಚಿದರು.