ಹಲಗೆಗೆ ಹಚ್ಚಿದ ವಿಭೂತಿ

ನನಗೆ ಸಿಟ್ಟು ಬೇಗ ಬರುತ್ತದೆ. ಗಣಿತ ಕಲಿಸುವವರಿಗೆ ತಾಳ್ಮೆ ಇರಬೇಕು ಎನ್ನುವವರು ಒಮ್ಮೆ ನಮ್ಮ ಸ್ಮಾರ್ಟ್ ಬೋರ್ಡಿನ ಮುಂದೆ ನಿಂತು ನೋಡಲಿ.

ನಾನು ಮೆಹರೀನ್, ಅತಿಥಿ ಉಪನ್ಯಾಸಕಿ. ದಿನಾ ಹುಮನಾಬಾದಿನಲ್ಲಿ ಬಸ್ಸು ಹತ್ತಿ ಬಸವಕಲ್ಯಾಣದ ಸ್ನಾತಕೋತ್ತರ ಕೇಂದ್ರಕ್ಕೆ ಬರುತ್ತೇನೆ. ಹೆದ್ದಾರಿಯ ಸಸ್ತಾಪುರ ಬಂಗ್ಲಾ ಸ್ಟಾಪು ಬರುವಷ್ಟರಲ್ಲಿ ಆ ದಿನದ ಲೆಕ್ಕಗಳನ್ನೆಲ್ಲ ಮನಸ್ಸಿನಲ್ಲೇ ಬಿಡಿಸಿ ಮುಗಿಸಿರುತ್ತೇನೆ. ಏಳು ವರ್ಷ ಸೀಮೆಸುಣ್ಣದಲ್ಲಿ ಕಲಿಸಿದೆ, ಯಾರೂ ದೂರಲಿಲ್ಲ. ಈ ವರ್ಷ ಕರಿಹಲಗೆ ಕಿತ್ತು ಗೋಡೆಯಗಲದ ಗಾಜಿನ ಬೋರ್ಡು ಕೂರಿಸಿದರು. ಅದರ ಬೆನ್ನಿಗೇ ಆದೇಶ ಬಂತು: ತಿಂಗಳ ಕೊನೆಯೊಳಗೆ ಅತಿಥಿಗಳು ನಲವತ್ತು ತಾಸು ಅದರ ಮೇಲೆ ಪಾಠ ಮಾಡಿರಬೇಕು, ಇಲ್ಲದಿದ್ದರೆ ಮುಂದಿನ ಸೆಮಿಸ್ಟರಿಗೆ ಕೆಲಸವಿಲ್ಲ. ಗಾಜಿನ ಮೇಲೆ ನಮ್ಮ ನಂಬರು ಒತ್ತಿದರೆ ಮಾತ್ರ ತಾಸು ದಾಖಲಾಗುತ್ತದೆ. ಒತ್ತದೆ ಗಂಟಲು ಹರಿಯುವಂತೆ ಪಾಠ ಮಾಡಿದರೂ ಮನೆಯಲ್ಲಿ ಮಲಗಿದ್ದ ಲೆಕ್ಕವೇ.

ನನ್ನವು ಮೂವತ್ತನಾಲ್ಕು ತಾಸು ಆಗಿದ್ದವು. ಅಷ್ಟರಲ್ಲಿ ಖಂಡೇನವಮಿಯ ಆಯುಧಪೂಜೆ ಬಂತು. ನಮ್ಮ ಅಟೆಂಡರ್ ಕಮಳಾಬಾಯಿ ಪಕ್ಕದ ಮೋರಖಂಡಿ ಊರಿನವರು. ಬೀಗದ ಕೈಯಿಂದ ಝೆರಾಕ್ಸ್ ಯಂತ್ರದವರೆಗೆ ಎಲ್ಲಕ್ಕೂ ಪೂಜೆ ಮಾಡಿದರು. ಬೋರ್ಡಿನ ಸರದಿ ಬಂದಾಗ ವಿಭಾಗದ ಮುಖ್ಯಸ್ಥ ಮಹಾರುದ್ರಪ್ಪನವರು, ಗಾಜಿಗೆ ಕಲೆ ಬಿದ್ದೀತು, ಚೌಕಟ್ಟಿಗೆ ಹಚ್ಚು ಎಂದರು. ಕಮಳಾಬಾಯಿ ವಿಭೂತಿ ಕಲಸಿ ಚೌಕಟ್ಟಿನ ಒಳಮೈಗೆ ದಪ್ಪಗೆ ಮೂರು ಪಟ್ಟೆ ಎಳೆದರು.

ರಜೆ ಮುಗಿಸಿ ಬಂದರೆ ಬೋರ್ಡಿಗೆ ಹುಚ್ಚು ಹಿಡಿದಿತ್ತು. ಬಲಮೂಲೆಯಲ್ಲಿ ಯಾರೋ ಬೆರಳೊತ್ತಿ ನಿಂತಂತೆ ಅಲ್ಲೇ ಏನೇನೋ ತೆರೆದುಕೊಳ್ಳುತ್ತಿತ್ತು. ನಾನು ಎಷ್ಟು ಕುಟ್ಟಿದರೂ ನಂಬರು ಹತ್ತಲಿಲ್ಲ. ಮುಖ್ಯಸ್ಥರಿಗೆ ಹೇಳಿದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ನಕ್ಕರು. ಅವರು ಆ ಬೋರ್ಡನ್ನು ಒಂದು ದಿನವೂ ಮುಟ್ಟಿದವರಲ್ಲ.

ಕಂಪನಿಗೆ ಫೋನು ಮಾಡಿದೆ. ಆ ಕಡೆಯ ಹುಡುಗಿ ಹಿಂದಿಯಲ್ಲಿ ವಿವರಿಸಿದಳು: ಚೌಕಟ್ಟಿನ ಒಳಗೆ ಕಣ್ಣಿಗೆ ಕಾಣದ ಬೆಳಕು ಹರಿಯುತ್ತದೆ, ಅದಕ್ಕೆ ಏನಾದರೂ ಅಡ್ಡ ಬಂದರೆ ಬೋರ್ಡು ಅದನ್ನು ಬೆರಳೆಂದೇ ತಿಳಿಯುತ್ತದೆ, ಒದ್ದೆ ಬಟ್ಟೆಯಿಂದ ಒರೆಸಿಬಿಡಿ. ಒಂದು ನಿಮಿಷದ ಕೆಲಸ. ಆದರೆ ಒರೆಸುವ ಕೈ ಮೆಹರೀನಳದು.

ಮುಸ್ಲಿಂ ಮೇಡಂ ವಿಭೂತಿ ಅಳಿಸಿದಳು. ಇಷ್ಟೇ ಒಂದು ಸಾಲು ಯಾರಾದರೂ ಫೋನಿಗೆ ಹಾಕಿದರೆ ಸಾಕು, ನನ್ನ ಬಸ್ಸಿಗಿಂತ ಮೊದಲು ಸುದ್ದಿ ಹುಮನಾಬಾದ್ ಮುಟ್ಟಿರುತ್ತದೆ. ವಿದ್ಯಾರ್ಥಿನಿ ಪೂನಂಗೆ ಹೇಳೋಣವೆಂದುಕೊಂಡೆ. ಆಗ ಮೇಡಂ ಅಳಿಸಿಸಿದಳು ಎಂದಾಗುತ್ತದೆ. ಬಿಸಿ ತುಪ್ಪ, ಉಗುಳಲೂ ಆಗದು ನುಂಗಲೂ ಆಗದು. ಬೋರ್ಡು ಒಮ್ಮೆ ಸ್ವಚ್ಛ ಮಾಡಿಸಿ ಸರ್ ಎಂದಷ್ಟೇ ಮುಖ್ಯಸ್ಥರಿಗೆ ಹೇಳಿದೆ. ಕಂಪನಿಯವರು ಬರುವವರೆಗೆ ಯಾರೂ ಕೈ ಹಚ್ಚಬಾರದು ಎಂದರು. ಕಂಪನಿಯವರು ಬರಲಿಲ್ಲ. ಎಂಟು ದಿನ ಗೋಡೆಗೆ ಕ್ಯಾಲೆಂಡರಿನ ಹಾಳೆ ತಿರುವಿ ಅಂಟಿಸಿ, ಅದರ ಮೇಲೆ ಸ್ಕೆಚ್ ಪೆನ್ನಿನಲ್ಲಿ ಸಮೀಕರಣ ಬಿಡಿಸಿದೆ. ಬಗ್ಗಿ ಬಗ್ಗಿ ಬರೆಯುವಾಗ ನಾಚಿಕೆಯಿಂದ ಕಿವಿ ಬಿಸಿಯಾಗುತ್ತಿತ್ತು. ಈ ವಿದ್ಯೆಗೆ ನಾನು ಎಂ.ಎಸ್ಸಿ. ಓದಬೇಕಿತ್ತೆ?

ತಿಂಗಳ ಕೊನೆಯ ದಿನ ಸಂಜೆ ನಾಲ್ಕಕ್ಕೆ ತಾಸುಗಳ ಪಟ್ಟಿ ಮೇಲಿನವರಿಗೆ ಹೋಯಿತು. ನನ್ನ ಹೆಸರಿನ ಮುಂದೆ ಮೂವತ್ತನಾಲ್ಕು. ಇನ್ನು ಏನೂ ಮಾಡಲಿಕ್ಕೆ ಬರೋದಿಲ್ಲ ಎಂದು ಮಹಾರುದ್ರಪ್ಪನವರು ಕನ್ನಡಕ ಒರೆಸಿಕೊಂಡರು.

ತರಗತಿಗೆ ಬಂದು ಬೆಂಚಿನ ಮೇಲೆ ಕುಳಿತೆ. ಕಸ ಗುಡಿಸಲು ಬಂದ ಕಮಳಾಬಾಯಿ ಯಾಕೆ ಹೀಗೆ ಕುಳಿತಿದ್ದೀರೆಂದು ಕೇಳಿದರು. ಹೇಗೂ ಕೆಲಸ ಹೋಗಿದೆ, ಇನ್ನು ಹೆದರುವುದೇನು? ಎಲ್ಲ ಹೇಳಿಬಿಟ್ಟೆ. ಬೆಳಕು, ಚೌಕಟ್ಟು, ವಿಭೂತಿ, ನಲವತ್ತು ತಾಸು.

ಅವರು ಕಸಬರಿಗೆ ಗೋಡೆಗೆ ಆನಿಸಿದರು. ಬೆಂಚು ಹತ್ತಿ, ಒಣಗಿದ ವಿಭೂತಿಯನ್ನು ಉಗುರಿನಿಂದ ಕೆರೆದು ಅಂಗೈಗೆ ಹಾಕಿಕೊಂಡು ಹಣೆಗೆ ಹಚ್ಚಿಕೊಂಡರು. ಉಳಿದದ್ದನ್ನು ಸೆರಗು ಒದ್ದೆ ಮಾಡಿ ಒರೆಸಿದರು. ಬೋರ್ಡು ಸುಮ್ಮನಾಯಿತು. ನಡುವೆ ನಂಬರು ಕೇಳುವ ಚೌಕ ಮೂಡಿತು.

"ಇಷ್ಟೇ ಏನ್ರಿ?" ಎಂದರು.

ಇಷ್ಟೇ ಎಂದೆ.

"ಎಂಟ ದಿನದಿಂದ ಗೊತ್ತಿತ್ತೇನ್ರಿ ನಿಮಗ?"

ಹೌದೆಂದು ತಲೆಯಾಡಿಸಿದೆ. ಅವರು ಬೆಂಚಿನಿಂದ ಇಳಿದರು. ಸಿಟ್ಟು ಬಂದಿದ್ದರೆ ಚೆನ್ನಾಗಿತ್ತು. ಸಿಟ್ಟಿಗೆ ಸಿಟ್ಟು ಕೊಡುವುದು ನನಗೆ ಬರುತ್ತದೆ. ಅವರ ದನಿ ಸಣ್ಣದಾಗಿತ್ತು.

"ದಿನಾ ನನ್ನ ಕೈಲೆ ಚಾ ಕುಡೀತಿದ್ರಿ ಮೇಡಂ. ನಾ ಎಂಥಾಕಿ ಅಂತ ತಿಳಿದಿದ್ರಿ?"

ಅವರು ಕಸಬರಿಗೆ ಎತ್ತಿಕೊಂಡು ನನ್ನ ಕಾಲಿನ ಸುತ್ತಲಿನ ನೆಲ ಬಿಟ್ಟು ಉಳಿದದ್ದನ್ನೆಲ್ಲ ಗುಡಿಸಿದರು.