ಎರಡಿಂಚು ಚಿಕ್ಕದು

ಸುರಂಗ ಕುಸಿದ ಸುದ್ದಿ ಟಿವಿಯಲ್ಲಿ ಬಂದಾಗ ಸ್ವೆಟರಿನ ಎಡತೋಳು ಮೊಣಕೈವರೆಗೆ ಬಂದಿತ್ತು. ಹೆಣಿಗೆಯಮ್ಮ ಕಣ್ಣೆತ್ತಿ ನೋಡಿದಳು. ಧೂಳು, ಹಳದಿ ಟೋಪಿಗಳು, ಮೈಕು ಹಿಡಿದು ಕೂಗುವ ಹುಡುಗಿ. ಮತ್ತೆ ಕಣ್ಣಿಳಿಸಿ ಹಿಡಿದ ಸಾಲನ್ನು ಮುಗಿಸಿದಳು. ಸಾಲಿನ ನಡುವೆ ಕಡ್ಡಿ ಕೆಳಗಿಡುವ ಅಭ್ಯಾಸ ಅವಳಿಗಿರಲಿಲ್ಲ. ಮುಗಿಸಿದ ಮೇಲೆ ತಲೆಗೆ ಹೋಯಿತು: ಕೈಯಲ್ಲಿರುವ ಸ್ವೆಟರು ಆ ಸುರಂಗದಲ್ಲಿ ಕಲ್ಲು ಕೊರೆಯುವವನದು.

"ಹತ್ತು ಹನ್ನೆರಡು ಜನ ಒಳಗೇ ಸಿಕ್ಕಿಹಾಕ್ಕೊಂಡಿದ್ದಾರಂತೆ ಕಣೇ," ಎಂದರು ಯಜಮಾನರು.

"ಕೇಳಿಸ್ತು," ಎಂದಳು.

ಅವಳಿಗೆ ಏನೂ ಆಗಲಿಲ್ಲ. ಮೊದಲೆಲ್ಲ ಹೀಗಿರಲಿಲ್ಲ. ಎಲ್ಲೋ ಕಾಣದ ಸಮುದ್ರದಲ್ಲಿ ದೋಣಿ ಮುಳುಗಿದರೆ ಇಲ್ಲಿ ಇವಳು ಊಟ ಬಿಡುತ್ತಿದ್ದಳು. "ಅವರೇನು ನಿನ್ನ ಚಿಕ್ಕಪ್ಪನ ಮಕ್ಕಳೇನೇ?" ಎಂದು ಯಜಮಾನರು ಬೈಯುತ್ತಿದ್ದರು. ಈಗ ಎಲ್ಲವೂ ಎಮ್ಮೆ ಮೇಲೆ ಮಳೆ ಸುರಿದ ಹಾಗೆ. ಒಂದು ಯುದ್ಧ ಶುರುವಾಗಿ ನಿಂತು ಮತ್ತೆ ಶುರುವಾಗುವಷ್ಟರಲ್ಲಿ ಅವಳು ಎರಡು ಶಾಲು ಹೆಣೆದಿದ್ದಳು. ಪ್ರವಾಹದ ವಾರದಲ್ಲಿ ಮಕ್ಕಳ ಟೋಪಿ, ಚುನಾವಣೆ ಗಲಾಟೆಯಲ್ಲಿ ಕಾಲುಚೀಲ. ಸತ್ತವರ ಲೆಕ್ಕ ಟಿವಿ ಪರದೆಯ ಅಡಿಯಲ್ಲಿ ಹರಿದು ಹೋಗುತ್ತಿತ್ತು, ಕಡ್ಡಿಗಳು ಟಿಕಟಿಕ ಎನ್ನುತ್ತಿದ್ದವು. ಆದರೆ ಗೊತ್ತಿರುವ ಮನುಷ್ಯನ ವಿಷಯದಲ್ಲೂ ತನಗೆ ಹೀಗೆಯೇ ಆಗುತ್ತದೆಂದು ಅವಳು ಎಣಿಸಿರಲಿಲ್ಲ. ತನ್ನ ಬಗ್ಗೆ ಅವಳಿಗೆ ಸ್ವಲ್ಪ ಹೇಸಿಗೆಯಾಯಿತು. ಆಮೇಲೆ ಮುಂದಿನ ಸಾಲು ಹಿಡಿದಳು.

ಅವನನ್ನು ಅವಳು ನೋಡಿದ್ದು ಒಂದೇ ಸಲ. ಅಳತೆ ಕೊಡಲು ಹೆಂಡತಿ ಎಳೆದುಕೊಂಡು ಬಂದಿದ್ದಳು. ಆಸಾಮಿ ನಾಚಿಕೊಂಡು ಗೋಡೆಗೆ ಆತು ನಿಂತಿದ್ದ. ಟೇಪು ಎದೆಯಿಂದ ಕೆಳಗಿಳಿದ ಕೂಡಲೇ ಉಸಿರು ಬಿಗಿಹಿಡಿದು ಹೊಟ್ಟೆ ಒಳಗೆಳೆದುಕೊಂಡ.

"ಹೊಟ್ಟೆ ಬಿಡ್ರೀ," ಎಂದಿದ್ದಳು ಹೆಂಡತಿ. "ಸ್ವೆಟರಿಗೂ ಸುಳ್ಳು ಹೇಳ್ತೀರಾ?"

"ನಿನ್ನ ಕೈ ಅಡುಗೆ ಕಣೇ ಇದು. ನಂದೇನಿದೆ ಇದರಲ್ಲಿ?" ಎಂದು ಅವನು ನಕ್ಕಾಗ ಹೊಟ್ಟೆ ತಾನಾಗಿ ಹೊರಬಂತು, ಹೆಣಿಗೆಯಮ್ಮ ಅದನ್ನೇ ಅಳೆದುಕೊಂಡಳು. ಮಣ್ಣಿನ ಬಣ್ಣದ ಉಲ್ಲನ್ನನ್ನು ಹೆಂಡತಿಯೇ ಆರಿಸಿದಳು, ಕೊಳೆ ಕಾಣುವುದಿಲ್ಲವೆಂದು.

ಸುರಂಗದ ಸುದ್ದಿ ಒಂದು ದಿನಕ್ಕೆ ಮುಗಿಯಲಿಲ್ಲ. ಯಂತ್ರ ಬಂತು, ಯಂತ್ರ ಕೆಟ್ಟಿತು, ಇನ್ನೊಂದು ಯಂತ್ರ ಹೊರಟಿತು. ಯಜಮಾನರು ಬಸ್ ಕಂಡಕ್ಟರಾಗಿ ನಿವೃತ್ತರಾದವರು. ಟಿವಿಯಲ್ಲಿ ಕಂಡವರನ್ನೆಲ್ಲ ಬಾಗಿಲಲ್ಲಿ ನೇತಾಡುವ ಪ್ಯಾಸೆಂಜರುಗಳ ಹಾಗೆ ಗದರಿಸುವುದು ಅವರ ರೂಢಿ. ಸುರಂಗದ ಬಾಯಲ್ಲಿ ನಿಂತು ಮಾತಾಡುತ್ತಿದ್ದ ಮಂತ್ರಿಗೂ, "ಒಳಗೆ ಹೋಗ್ರೀ ಸ್ವಾಮಿ, ದಾರಿಗೆ ಅಡ್ಡ ನಿಂತಿದ್ದೀರಲ್ಲ," ಎಂದರು. ಸುರಂಗದ ಗೋಡೆಗಳಿಗೆ ಆಸರೆ ಹಾಕಲು ಹೊಸ ಆದೇಶ ಹೊರಟಿದೆಯೆಂದು ಕೇಳಿ, "ಊರು ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ್ರು," ಎಂದು ತಲೆ ಚಚ್ಚಿಕೊಂಡರು. ಹೆಣಿಗೆಯಮ್ಮ ಎಡತೋಳು ಮುಗಿಸಿ ಬಲತೋಳನ್ನೂ ಮುಗಿಸಿದಳು. ಒಮ್ಮೆ ಬೇಕೆಂದೇ ಆ ಮನುಷ್ಯನ ಹೊಟ್ಟೆ, ನಗು ಎಲ್ಲ ನೆನಪಿಸಿಕೊಂಡು ಅಳಲು ನೋಡಿದಳು. ಆಕಳಿಕೆ ಬಂತು. ಕೊರಳೊಂದು ಉಳಿದಿತ್ತು. ಅದಕ್ಕೆ ಮಾತ್ರ ಕೈ ಏಳಲಿಲ್ಲ. ನಾಳೆ ಮಾಡಿದರಾಯಿತೆಂದು ಬೇರೆ ಯಾರದೋ ಮಫ್ಲರು ಹಿಡಿದು ಕೂತಳು.

ಎರಡನೆಯ ವಾರದ ಒಂದು ಮಧ್ಯಾಹ್ನ ಸುದ್ದಿ ಬಂತು. ಒಳಗಿನಿಂದ ಸದ್ದು ನಿಂತು ದಿನಗಳಾಗಿವೆ, ಯಾರೂ ಬದುಕಿರುವ ಸಂಭವವಿಲ್ಲ, ಇನ್ನು ಹೆಣಗಳನ್ನು ತೆಗೆಯುವ ಕೆಲಸವಷ್ಟೇ, ಮನೆಯವರಿಗೆ ತಿಳಿಸಲಾಗುತ್ತಿದೆ. ಯಜಮಾನರು ಟಿವಿಯನ್ನು ಬೈಯಲಿಲ್ಲ. ಕನ್ನಡಕ ತೆಗೆದು ಪಂಚೆಯಂಚಿನಲ್ಲಿ ಒರೆಸುತ್ತಲೇ ಇದ್ದರು.

ಆಗಲೇ ಬಾಗಿಲು ಸದ್ದಾಯಿತು. ಆ ಸ್ವೆಟರಿನವನ ಹೆಂಡತಿ.

ಯಜಮಾನರು ಗಾಬರಿಯಲ್ಲಿ ರಿಮೋಟು ಒತ್ತಿದರು. ತಪ್ಪು ಗುಂಡಿ. "...ಕಾರ್ಯಾಚರಣೆಯನ್ನು ಕೈಬಿಡಲು..." ಎಂದು ಟಿವಿ ಮನೆಯೆಲ್ಲ ಕೇಳುವಂತೆ ಅರಚಿ, ನಂತರ ಬಾಯಿ ಮುಚ್ಚಿತು. ಚಿತ್ರ ಹಾಗೇ ಓಡುತ್ತಿತ್ತು. ಅವಳು ಅತ್ತ ತಿರುಗಲಿಲ್ಲ. ಟಿವಿಗೆ ಬೆನ್ನು ಮಾಡಿ, ಕೈಚೀಲವನ್ನು ಪಕ್ಕದಲ್ಲಿಟ್ಟು ಸ್ಟೂಲಿನ ಮೇಲೆ ಕೂತಳು. ತಲೆ ಬಾಚಿಕೊಂಡಿದ್ದಳು, ಸೀರೆಯ ನೆರಿಗೆ ನೆಟ್ಟಗಿತ್ತು.

"ಎಲ್ಲಿಗೆ ಬಂತಮ್ಮಾ ಸ್ವೆಟರು?"

"ಕೊರಳೊಂದು ಬಾಕಿ."

"ಸದ್ಯ, ಮುಗಿದಿಲ್ಲವಲ್ಲ. ಎರಡಿಂಚು ಚಿಕ್ಕದು ಮಾಡಿಕೊಡಿ. ಅಷ್ಟು ದಿನ ಊಟ ಇಲ್ಲದೆ ಇದ್ದವರು, ಬರೋ ಹೊತ್ತಿಗೆ ಇಳಿದುಹೋಗಿರ್ತಾರೆ. ದೊಗಳೆ ಆದ್ರೆ ಹಾಕ್ಕೊಳಲ್ಲ ಅವರು. ನನಗೆ ಗೊತ್ತು ಅವರ ಬುದ್ಧಿ."

ಹೆಣಿಗೆಯಮ್ಮ ಯಜಮಾನರ ಮುಖ ನೋಡಿದಳು. ಅವರು ಎದ್ದು, "ಟೀ ಮಾಡ್ತೀನಿ," ಎಂದು ಒಳಗೆ ಹೋದರು. ಮೂವತ್ತು ವರ್ಷದ ಸಂಸಾರದಲ್ಲಿ ಅವರು ಟೀ ಮಾಡಿದ್ದು ಅವಳಿಗೆ ನೆನಪಿರಲಿಲ್ಲ.

"ಸುದ್ದಿ ಏನಾದ್ರೂ..." ಎಂದಳು ಹೆಣಿಗೆಯಮ್ಮ.

"ನಾನು ಟಿವಿ ನೋಡೋದು ಬಿಟ್ಟಿದೀನಮ್ಮಾ. ಒಬ್ಬೊಬ್ಬರು ಒಂದೊಂದು ಹೇಳ್ತಾರೆ. ಏನೇ ಇದ್ರೂ ಫೋನ್ ಮಾಡಿ ತಿಳಿಸ್ತೀವಿ ಅಂದಿದಾರೆ ಆಫೀಸಿನವರು. ಮಾಡಿಲ್ಲ. ಮಾಡಿಲ್ಲ ಅಂದ್ರೆ ಏನೂ ಆಗಿಲ್ಲ ಅಂತ ತಾನೇ?"

ಅವಳ ಹೆಗಲಿನ ಹಿಂದೆ ಟಿವಿಯಲ್ಲಿ ಸಾಲಾಗಿ ಫೋಟೋಗಳು ಬರುತ್ತಿದ್ದವು. ಮಾತು ಹೆಣಿಗೆಯಮ್ಮನ ನಾಲಿಗೆ ತುದಿಗೆ ಬಂದು ನಿಂತಿತು. ಹೇಳಬೇಕು ಎಂದುಕೊಂಡಳು, ಹೇಳಲು ನಾನ್ಯಾರು ಎಂದೂ ಅಂದುಕೊಂಡಳು. ಇಷ್ಟು ದಿನ ಯಾವ ಸುದ್ದಿಗೂ ಬಾರದ ಭಯ ಈಗ ಬಂದಿತ್ತು, ಅದೂ ಅವಳು ಎಲ್ಲಿ ತಿರುಗಿ ನೋಡಿಬಿಡುತ್ತಾಳೋ ಎಂಬಷ್ಟಕ್ಕೆ.

"ಬಟ್ಟೆ ಆದ್ರೆ ಹಿಡಿದು ಹೊಲೀಬಹುದಿತ್ತು. ಇದು ಹಾಗಲ್ಲಮ್ಮ," ಎಂದಳು. "ಮೈಯೆಲ್ಲ ಬಿಚ್ಚಬೇಕು. ಮತ್ತೆ ಮೊದಲಿಂದ ಹೆಣೀಬೇಕು."

"ಬಿಚ್ಚಿ."

"ತಿಂಗಳಾಗುತ್ತೆ."

"ಆಗಲಿ ಬಿಡಿ. ಹೊರಗೆ ಬಂದ್ರೂ ಆಸ್ಪತ್ರೆಯಲ್ಲಿ ಇಟ್ಕೊಳ್ತಾರೆ, ಸುಮ್ಮನೆ ಕಳಿಸ್ತಾರಾ?"

ಹೆಣಿಗೆಯಮ್ಮ ಸ್ವೆಟರು ತೊಡೆಯ ಮೇಲೆ ಹರವಿಕೊಂಡಳು. ಭುಜದ ಹೊಲಿಗೆ ಕತ್ತರಿಸಿ ಎದೆಯ ಭಾಗವನ್ನು ಬೇರೆ ಮಾಡಿದಳು. ಬಿಚ್ಚಿದ ಉಲ್ಲನ್ನನ್ನು ಸುತ್ತಲು ಕುರ್ಚಿಯ ಬೆನ್ನು ಹುಡುಕುತ್ತಿದ್ದಾಗ ಬಂದವಳು ತಾನಾಗಿಯೇ ಎರಡೂ ಕೈ ಮುಂದೆ ಚಾಚಿದಳು. "ನನ್ನ ಕೈಗೇ ಸುತ್ತಿ. ನನಗೇನು ಕೆಲಸ?"

ಎಳೆದರೆ ಸರಸರ ಬಿಚ್ಚಿಕೊಳ್ಳುತ್ತಿತ್ತು. ವಾರಗಟ್ಟಲೆ ಕೂತು ಹೆಣೆದದ್ದು ಹೋಗಲು ಎಷ್ಟು ಹೊತ್ತು! ಗುಂಗುರು ಗುಂಗುರಾದ ಉಲ್ಲನ್ ದಾರ ಅವಳ ಎರಡು ಮುಂಗೈಗಳ ಸುತ್ತ ಹೋಗಿ ಬಂದು ಲಡಿಯಾಗುತ್ತಿತ್ತು. ಯಜಮಾನರು ಟೀ ಲೋಟಗಳನ್ನು ಹಿಡಿದು ಬಂದು, ಎಲ್ಲಿಡಬೇಕೆಂದು ತಿಳಿಯದೆ ನಿಂತುಕೊಂಡರು.

ಕೈಚೀಲದೊಳಗೆ ಫೋನು ಹೊಡೆದುಕೊಂಡಿತು.

ಮೂವರೂ ಚೀಲವನ್ನು ನೋಡಿದರು. ಅವಳ ಕೈಗಳು ಉಲ್ಲನ್ನಿನಲ್ಲಿದ್ದವು.

"ನಾನು ತೆಗೀಲೇನಮ್ಮಾ?" ಎಂದಳು ಹೆಣಿಗೆಯಮ್ಮ.

ಅವಳು ಚೀಲದಿಂದ ಕಣ್ಣು ತೆಗೆದು ತನ್ನ ಕೈಗಳನ್ನು ನೋಡಿಕೊಂಡಳು.

"ಬೇಡ," ಎಂದಳು. "ಇದು ಮುಗೀಲಿ."

ಹೆಣಿಗೆಯಮ್ಮ ಎಳೆದಳು. ಒಂದು ಸಾಲು ಹೋಯಿತು, ಇನ್ನೊಂದು ಹೋಯಿತು. ಫೋನು ನಿಂತಿತು. ಸ್ವಲ್ಪ ಹೊತ್ತು ಸುಮ್ಮನಿದ್ದು ಮತ್ತೆ ಶುರುವಾಯಿತು. ಅವಳು ಸ್ಟೂಲನ್ನು ಕಾಲಲ್ಲೇ ಮುಂದಕ್ಕೆ ಸರಿಸಿಕೊಂಡು, ಉಲ್ಲನ್ ದಾರ ಸಡಿಲವಾಗದಂತೆ ಕೈಗಳನ್ನು ಇನ್ನಷ್ಟು ಅಗಲಿಸಿ ಹಿಡಿದಳು.