ಬರೆಯುವ ಮುನ್ನ ಮೂರು ದಿನ

ಹಾಲು ಉಕ್ಕಿ ಒಲೆಯ ಮೇಲೆ ಚೆಲ್ಲಿದ್ದೂ ಫೋನು ಬಂದದ್ದೂ ಒಟ್ಟಿಗೇ ಆಯಿತು. ಅತ್ತೆ ಒಲೆ ಆರಿಸಲು ಓಡಿದರು, ಅವಳು ಫೋನು ಎತ್ತಿದಳು. ಕೊನೆಯ ನೆಂಟರು ಹೊರಟದ್ದು ಹಿಂದಿನ ಸಂಜೆಯಷ್ಟೆ. ಬಸ್ಸಿಳಿದು ರಸ್ತೆ ದಾಟುವಾಗ ಅಪಘಾತವಾಗಿ ಅವಳ ಗಂಡ ತೀರಿಹೋಗಿ ಹದಿಮೂರು ದಿನವಾಗಿತ್ತು. ಮನೆಯಲ್ಲಿ ಅವರಿಬ್ಬರೇ ಉಳಿದ ಮೊದಲ ಬೆಳಗು ಅದು.

ಫೋನಿನಲ್ಲಿದ್ದವರು ಮೃಗಾಲಯದ ಮೇಲ್ವಿಚಾರಕಿ. ಅವನು ಒಂಬತ್ತು ವರ್ಷ ಅವರ ಕೈಕೆಳಗೆ ಬಸವನಹುಳುಗಳ ಕೋಣೆಯಲ್ಲಿ ದುಡಿದಿದ್ದ. ಹುಲಿ ನೋಡಲು ಬಂದವರಾರೂ ಆ ಬಾಗಿಲತ್ತ ಕತ್ತು ತಿರುಗಿಸುತ್ತಿರಲಿಲ್ಲ. ಜೊತೆಯವರು ಅವನನ್ನು ಹುಳದಪ್ಪ ಎನ್ನುತ್ತಿದ್ದರು, ಅವನೂ ಓಗೊಡುತ್ತಿದ್ದ. ಮೇಲ್ವಿಚಾರಕಿ ಅವಳ ಊಟ, ನಿದ್ದೆ, ಅತ್ತೆಯ ಮಂಡಿನೋವು ಎಲ್ಲ ಸುತ್ತಿ ಬಂದು ಕೊನೆಗೆ ಹೇಳಿದರು.

"ಕೇಳೋಕೆ ನಾಲಿಗೆ ಏಳ್ತಿಲ್ಲ. ಇಲ್ಲಿ ಹೀಟರ್ ಕೆಟ್ಟಾಗ ಅವರು ಒಂದು ಡಬ್ಬಿ ಮನೆಗೆ ತಗೊಂಡು ಹೋಗಿದ್ರು. ಏಳು ಹುಳ. ನಾನಿಲ್ಲದಾಗ ನನ್ನ ಹೆಂಡತಿ ನೋಡ್ಕೋತಾಳೆ ಅಂತ ರಿಜಿಸ್ಟರಲ್ಲಿ ಬರೆದಿದಾರೆ. ಅದಕ್ಕೇ ಇಷ್ಟು ದಿನ ಸುಮ್ಮನಿದ್ದೆ."

ಅವಳಿಗೆ ನೆನಪಾಯಿತು. ಒಂದು ಭಾನುವಾರ ಅವನು ಬಚ್ಚಲುಮನೆಯ ಕಟ್ಟೆಯ ಮೇಲೆ ಆ ಡಬ್ಬಿ ಇಟ್ಟು, ದಿನಕ್ಕೆರಡು ಸಲ ನೀರು ಸಿಂಪಡಿಸಬೇಕು, ಮೂರು ದಿನಕ್ಕೊಮ್ಮೆ ಆಹಾರ ಹಚ್ಚಬೇಕು ಎಂದು ತೋರಿಸಿದ್ದ. ಅವಳು ಪರೀಕ್ಷೆಯ ಉತ್ತರಪತ್ರಿಕೆ ತಿದ್ದುತ್ತ, ತಲೆಯೆತ್ತದೆ ಹೂಂ ಎಂದಿದ್ದಳು.

ಕಟ್ಟೆಯ ಮೇಲೆ ಡಬ್ಬಿ ಇರಲಿಲ್ಲ.

ಅತ್ತೆ ಒದ್ದೆ ಬಟ್ಟೆ ಕೈಯಲ್ಲಿ ಹಿಡಿದೇ ಬಾಗಿಲಲ್ಲಿ ನಿಂತರು. ಅಷ್ಟು ಜನ ಸ್ನಾನಕ್ಕೆ ಹೋಗಿಬರುವಾಗ ಅಡ್ಡ ಬರುತ್ತದೆಂದು ತಾವೇ ಅದನ್ನು ಅಡುಗೆಮನೆಯ ಬೀರುವಿನ ಮೇಲೆ ಎತ್ತಿಟ್ಟಿದ್ದರಂತೆ. "ಖಾಲಿ ಚಿಪ್ಪು ಅಂದ್ಕೊಂಡೆ ಕಣಮ್ಮ. ಒಂದೂ ಅಲ್ಲಾಡ್ತಿರಲಿಲ್ಲ."

ಕುರ್ಚಿ ಹತ್ತಿ ಇಳಿಸಿದಳು. ಪಾರದರ್ಶಕ ಪ್ಲಾಸ್ಟಿಕ್ ಡಬ್ಬಿ, ಒಳಗೆ ಹಾಸಿದ್ದ ಕಾಗದ ಹಪ್ಪಳದಂತೆ ಒಣಗಿತ್ತು. ಕಿರುಬೆರಳ ಉಗುರಿನಷ್ಟಿದ್ದ ಏಳು ಚಿಪ್ಪುಗಳು ಗೋಡೆಗೆ ಅಂಟಿಕೊಂಡಿದ್ದವು. ಗುರುತಿಗೆಂದು ಒಂದರ ಬೆನ್ನಿಗೆ ಒಂದು ಚುಕ್ಕೆ, ಇನ್ನೊಂದಕ್ಕೆ ಎರಡು, ಎಲ್ಲಕ್ಕಿಂತ ದೊಡ್ಡದಕ್ಕೆ ಅಡ್ಡಗೀಟು. ಬಣ್ಣ ಅವಳ ನೇಲ್ ಪಾಲಿಶಿನದು. ಎರಡು ತಿಂಗಳು ಆ ಸೀಸೆಗಾಗಿ ಮನೆಯೆಲ್ಲ ಹುಡುಕಿದ್ದಳು. ಕೇಳಿದಾಗ ಅವನು ತನಗೇನೂ ಗೊತ್ತಿಲ್ಲವೆಂದು ಮುಖ ಮಾಡಿದ್ದ.

ಹೊಲದ ಪೀಡೆ ತಿನ್ನಲಿ ಎಂದು ಯಾರೋ ತಂದು ಬಿಟ್ಟ ದೊಡ್ಡ ಜಾತಿಯ ಬಸವನಹುಳು ಗುಡ್ಡದಲ್ಲಿದ್ದ ಇವನ್ನೆಲ್ಲ ತಿಂದು ಮುಗಿಸಿತ್ತು. ಈಗ ಯಾವ ಗುಡ್ಡದಲ್ಲೂ ಇವಿಲ್ಲ. ಮೇಲ್ವಿಚಾರಕಿ ಫೋನಿಡುವ ಮೊದಲು ಮೆಲ್ಲಗೆ ಹೇಳಿದ್ದರು: ಈ ಜಾತಿಯಲ್ಲಿ ಉಳಿದಿರುವುದು ಆ ಡಬ್ಬಿಯಲ್ಲಿ ಇರುವಷ್ಟೇ.

"ಮಗನ್ನ ಕಳ್ಕೊಂಡೆ, ಅವನ ಹುಳಾನೂ ಕೊಂದೆ," ಎಂದರು ಅತ್ತೆ. ಅಳಲಿಲ್ಲ. ಒಲೆಯಿಂದ ಒರೆಸಿದ ಹಾಲು ಬಟ್ಟೆಯಿಂದ ನೆಲಕ್ಕೆ ತೊಟ್ಟಿಕ್ಕುತ್ತಿತ್ತು.

"ಈಗಲೇ ಹಾಗನ್ನಬೇಡಿ ಅತ್ತೆ. ಒಣಗಿದ್ರೆ ಇವು ಬಾಯಿ ಮುಚ್ಚಿಕೊಂಡು ಹೀಗೇ ಕೂರ್ತಾವೆ. ನೀರು ಹಾಕಿ ಮೂರು ದಿನ ನೋಡಬೇಕು. ಆಮೇಲೆ ಹೇಳೋದು."

ಹೇಳಿದ ಮೇಲೆ ಅವಳಿಗೇ ಆಶ್ಚರ್ಯವಾಯಿತು. ಆ ಭಾನುವಾರ ಅಷ್ಟೆಲ್ಲ ಕೇಳಿಸಿಕೊಂಡಿದ್ದಳು.

ಅಂದು ಸೋಮವಾರ, ಗಂಟೆ ಹತ್ತೂಕಾಲು. ಹಿಂದಿನ ದಿನ ಬಕೆಟ್ಟಿಗೆ ಹಿಡಿದಿದ್ದ ನೀರನ್ನೇ ಸಿಂಪಡಿಸಿದಳು. ಆಗಷ್ಟೇ ನಲ್ಲಿಯಿಂದ ಬಂದದ್ದು ಆಗುವುದಿಲ್ಲವೆಂಬುದೂ ನೆನಪಿತ್ತು. ಅವನು ತಂದಿಟ್ಟಿದ್ದ ಓಟ್ಸ್, ಸುಣ್ಣ, ಒಣಸೊಪ್ಪಿನ ಪುಡಿ ಕಲಸಿ ಕುಂಚದಿಂದ ಡಬ್ಬಿಯ ಗೋಡೆಗೆ ಹಚ್ಚಿದಳು. ಕಾಲೇಜಿಗೆ ಇನ್ನು ನಾಲ್ಕು ದಿನ ಬರುವುದಿಲ್ಲವೆಂದು ತಿಳಿಸಿದಳು. ಯಾರೂ ಕಾರಣ ಕೇಳಲಿಲ್ಲ.

ಮಂಗಳವಾರ ಬೆಳಗ್ಗೆ ಎರಡು ಚುಕ್ಕೆಯದು ಕಾಗದದ ಮೇಲೆ ಕೊಂಬು ಚಾಚಿಕೊಂಡು ಹೊರಟಿತ್ತು. ಅತ್ತೆ ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು. ಸಂಜೆಗೆ ಇನ್ನೆರಡು. ಬುಧವಾರ ಮಧ್ಯಾಹ್ನದ ಹೊತ್ತಿಗೆ ಆರು. ಅಡ್ಡಗೀಟಿನದು ಮಾತ್ರ ಮೂಲೆಯಲ್ಲಿ ಹಾಗೇ ಕಚ್ಚಿಕೊಂಡಿತ್ತು. ಅದಕ್ಕೆ ಅತ್ತೆ ಅಜ್ಜಿ ಎಂದು ಹೆಸರಿಟ್ಟಿದ್ದರು. ಹೋಗುತ್ತ ಬರುತ್ತ ಡಬ್ಬಿಯತ್ತ ಬಗ್ಗಿ, "ಏಳೇ, ನಿನಗಿಂತ ನನ್ನ ಮಂಡಿ ನೋವು ಜಾಸ್ತಿ," ಎನ್ನುತ್ತಿದ್ದರು. ಅವನು ಹೋದ ಮೇಲೆ ಆ ಮನೆಯಲ್ಲಿ ಯಾರಾದರೂ ತಮಾಷೆ ಮಾಡಿದ್ದು ಅದೇ ಮೊದಲು.

ಗುರುವಾರ ಒಂಬತ್ತು ಗಂಟೆಗೆ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಆಟೋದಲ್ಲಿ ಮೃಗಾಲಯಕ್ಕೆ ಹೋದಳು. ಹೀಟರ್ ಸರಿಯಾಗಿತ್ತು, ಬೆಚ್ಚಗಿನ ಕೋಣೆಯಲ್ಲಿ ಒದ್ದೆ ಮಣ್ಣಿನ ಘಮವಿತ್ತು. ಅವನ ಅಂಗಿಗಳಿಗೆಲ್ಲ ಇದೇ ವಾಸನೆ. ಮೇಲ್ವಿಚಾರಕಿ ಭೂತಗನ್ನಡಿ ಹಿಡಿದು ಒಂದೊಂದನ್ನೇ ನೋಡಿದರು. ಅಡ್ಡಗೀಟಿನದರ ಮುಂದೆ ಬಹಳ ಹೊತ್ತು ನಿಂತರು.

"ಆರು ಉಳಿದ್ವಲ್ಲ, ಅದೇ ದೊಡ್ಡದು," ಎಂದು ರಿಜಿಸ್ಟರ್ ತೆರೆದರು. ತೆಗೆದುಕೊಂಡವರು ಎಂಬ ಕಡೆ ಅವನ ಸಹಿ, ಬಲಕ್ಕೆ ವಾಲಿದ ಅದೇ ಅವಸರದ ಗೀಚು. ಹಿಂದಿರುಗಿಸಿದವರು ಎಂಬಲ್ಲಿ ಅವಳು ತನ್ನ ಹೆಸರು ಬರೆದಳು. ಮೇಲ್ವಿಚಾರಕಿ ಸಂಖ್ಯೆ ತುಂಬಲು ಪೆನ್ನು ಇಳಿಸಿದರು.

"ಆರು ಅಂತ ಬರೀಬೇಡಿ ಮೇಡಂ."

ಅವರು ತಲೆಯೆತ್ತಿದರು.

"ಸೋಮವಾರ ಹತ್ತೂಕಾಲಿಗೆ ನೀರು ಹಾಕಿದ್ದು. ಇನ್ನೂ ಮುಕ್ಕಾಲು ಗಂಟೆ ಇದೆ."

ಮೇಲ್ವಿಚಾರಕಿಯ ಕಣ್ಣು ಗೋಡೆಯತ್ತ ಹೋಯಿತು. ಅಲ್ಲಿ ಅವನ ಕೈಬರಹದ ಚೀಟಿಯೊಂದನ್ನು ಅಂಟಿಸಲಾಗಿತ್ತು, ಅಂಚು ಹಳದಿಯಾಗಿತ್ತು: ಮೂರು ದಿನ ಕಾಯಿರಿ, ಆಮೇಲೆ ಬರೆಯಿರಿ. ಅವರು ಪೆನ್ನಿಗೆ ಮುಚ್ಚಳ ಹಾಕಿದರು.

ಮೇಜಿನ ಬಳಿ ಅವನ ಸ್ಟೂಲು ಇತ್ತು. ಅವನ ಎತ್ತರಕ್ಕೆ ಏರಿಸಿದ್ದನ್ನು ಯಾರೂ ಇಳಿಸಿರಲಿಲ್ಲ. ಅವಳು ಹತ್ತಿ ಕೂತಳು, ಕಾಲು ನೆಲ ಮುಟ್ಟಲಿಲ್ಲ. ಕುಂಚವನ್ನು ನೀರಿಗದ್ದಿ, ಮುಚ್ಚಿಕೊಂಡಿದ್ದ ಆ ಚಿಪ್ಪಿನ ಬಾಯಿಯ ಬಳಿ ಒಂದು ಹನಿ ಇಟ್ಟಳು.